ವಿಜಯಂತವನ್ನು ಬಲಪಡಿಸುವುದಾದರೆ ಮೊದಲು ಯಾವುದನ್ನು?

ಪ್ರಶ್ನೆ: ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂಬ ಕಲ್ಪನೆಯಲ್ಲಿ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ನೀಳ್ಗತೆಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ 1974ರಲ್ಲಿ ಭಾರತದ ಸ್ವಂತ ವಿನ್ಯಾಸದ ಅರ್ಜುನ್ ಟ್ಯಾಂಕಿನ ಯೋಜನೆಗೆ ಮಂಜೂರಾತಿ ಸಿಗುವುದಿಲ್ಲ. ಸೇನೆಯಲ್ಲಿದ್ದ ಹಳೆಯ ವಿಜಯಂತ ಟ್ಯಾಂಕಿಗೇ 120 ಮಿ.ಮೀ. ಫಿರಂಗಿಯನ್ನೂ ದಪ್ಪ ಕವಚವನ್ನೂ ಜೋಡಿಸಿ 1985ರಲ್ಲಿ ಸೇನೆಗೆ ಕೊಡುತ್ತಾರೆ. ಕೊನೆಗೆ ಆ ಟ್ಯಾಂಕುಗಳು ಮಳೆಗಾಲದಲ್ಲಿ ಬದಿಯಡ್ಕದ ಮೂಲಕ ಹಾದು ಬೇಕಲದ ಕಡಲತೀರವನ್ನು ಕಾಯಲು ಹೋಗುತ್ತವೆ. ಇದು ನಂಬುವಂತಿದೆಯೇ?
– ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ನೀವು ಆರಿಸಿಕೊಂಡಿರುವ ತಿರುವು ಗಟ್ಟಿಯಾಗಿದೆ. ಹಳೆಯ ಟ್ಯಾಂಕನ್ನು ಬಲಪಡಿಸಿ ದಶಕಗಳ ಕಾಲ ಬಳಸಿದ ದೇಶಗಳು ನಿಜವಾಗಿಯೂ ಇವೆ. ಇಸ್ರೇಲ್ ಬ್ರಿಟನ್ನಿನ ಸೆಂಚುರಿಯನ್ ಟ್ಯಾಂಕಿನ ಪೆಟ್ರೋಲ್ ಎಂಜಿನ್ ತೆಗೆದು 750 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕೂರಿಸಿತು, ದಕ್ಷಿಣ ಆಫ್ರಿಕಾ ಅದೇ ಸೆಂಚುರಿಯನ್ನಿನಿಂದ ಓಲಿಫಾಂಟ್ ಟ್ಯಾಂಕನ್ನು ರೂಪಿಸಿತು. ಆದರೆ ನಿಮ್ಮ ಕಥೆಯಲ್ಲಿ ಫಿರಂಗಿ ಮತ್ತು ಕವಚ ಮಾತ್ರ ಬದಲಾಗಿವೆ, ಎಂಜಿನ್ ಹಾಗೆಯೇ ಉಳಿದಿದೆ. ತೊಡಕಿರುವುದು ಅಲ್ಲಿಯೇ.

ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸದ ಆಧಾರದಲ್ಲಿ ಚೆನ್ನೈ ಬಳಿಯ ಆವಡಿ ಕಾರ್ಖಾನೆಯಲ್ಲಿ ತಯಾರಾದ ವಿಜಯಂತದ ತೂಕ ಸುಮಾರು 39 ಟನ್. ಅದರ ಲೇಲ್ಯಾಂಡ್ ಎಲ್-60 ಎಂಜಿನ್ ಕೊಡುತ್ತಿದ್ದುದು ಸುಮಾರು 535 ಅಶ್ವಶಕ್ತಿ. ಅಂದರೆ ಟನ್ನಿಗೆ 14ಕ್ಕೂ ಕಡಿಮೆ. ಕವಚ ಸೇರಿಸಿ ತೂಕವನ್ನು 45 ಟನ್ನಿಗೆ ಏರಿಸಿದರೆ ಅದು 12ರ ಆಸುಪಾಸಿಗೆ ಇಳಿಯುತ್ತದೆ, ಏರುದಾರಿಯಲ್ಲಿ ಟ್ಯಾಂಕು ಏದುಸಿರು ಬಿಡುತ್ತದೆ. ಈ ಎಂಜಿನ್ನಿನ ರಚನೆಯೂ ವಿಶಿಷ್ಟವಾದದ್ದು: ಒಂದೊಂದು ಸಿಲಿಂಡರಿನೊಳಗೂ ಎರಡು ಪಿಸ್ಟನ್ನುಗಳು ಎದುರುಬದುರಾಗಿ ಚಲಿಸುತ್ತವೆ, ಆರು ಸಿಲಿಂಡರುಗಳಿಗೆ ಹನ್ನೆರಡು ಪಿಸ್ಟನ್ನುಗಳು, ಎರಡು ಕ್ರ್ಯಾಂಕ್‌ಶಾಫ್ಟುಗಳು. ಇದೇ ಎಂಜಿನ್ ಬ್ರಿಟಿಷರ ಚೀಫ್‌ಟನ್ ಟ್ಯಾಂಕಿನಲ್ಲಿ ಪದೇ ಪದೇ ಕೈಕೊಟ್ಟು ಅಪಖ್ಯಾತಿ ಪಡೆಯಿತು. ಆದ್ದರಿಂದ ನಿಮ್ಮ ಕಥೆಯ ಎಂಜಿನಿಯರುಗಳು ಮೊದಲು ಕೈಹಾಕಬೇಕಾದುದು ಇದಕ್ಕೆ. ಸೋವಿಯತ್ ಟ್ಯಾಂಕಾದ ಟಿ-72ರ 780 ಅಶ್ವಶಕ್ತಿಯ ಎಂಜಿನ್ನನ್ನು ವಿಜಯಂತಕ್ಕೆ ಅಳವಡಿಸುವ ಆಲೋಚನೆ ನಿಜ ಇತಿಹಾಸದಲ್ಲಿಯೂ ಇತ್ತು. ಅದು ಕೈಗೂಡಿತೆಂದು ಬರೆದರೆ 45 ಟನ್ನಿನ ಟ್ಯಾಂಕಿಗೂ ಟನ್ನಿಗೆ 17 ಅಶ್ವಶಕ್ತಿ ಸಿಗುತ್ತದೆ, ಕಥೆಗೆ ಜೀವ ಬರುತ್ತದೆ.

120 ಮಿ.ಮೀ. ಫಿರಂಗಿಯನ್ನು ದಯವಿಟ್ಟು ಕೈಬಿಡಿ. ವಿಜಯಂತದಲ್ಲಿದ್ದ 105 ಮಿ.ಮೀ. ಎಲ್-7 ಫಿರಂಗಿ 1985ರಲ್ಲಿ ಹಳತಾಗಿರಲಿಲ್ಲ; 1980ರಲ್ಲಿ ಬಂದ ಅಮೆರಿಕದ ಎಂ-1 ಏಬ್ರಮ್ಸ್ ಕೂಡ ಅದೇ ಫಿರಂಗಿಯ ಅಮೆರಿಕನ್ ರೂಪದೊಂದಿಗೆ ಸೇವೆಗೆ ಸೇರಿತ್ತು. ಫಿರಂಗಿ ಹಿಗ್ಗಿದರೆ ಅದರ ಹಿಮ್ಮೆಟ್ಟುವಿಕೆಗೆ ಟರೆಟ್ಟಿನಲ್ಲಿ (ಟ್ಯಾಂಕಿನ ಮೇಲೆ ಸುತ್ತ ತಿರುಗುವ ಗೋಪುರದಲ್ಲಿ) ಹೆಚ್ಚು ಜಾಗ ಬೇಕು, ಗುಂಡುಗಳ ಸಂಖ್ಯೆ ಇಳಿಯುತ್ತದೆ. ಅದೇ ಫಿರಂಗಿಗೆ ಸುಧಾರಿತ ಬಾಣದಾಕಾರದ ಗುಂಡುಗಳನ್ನು ಕೊಟ್ಟು, ದೂರ ಅಳೆಯಲು ಬಳಸುತ್ತಿದ್ದ 12.7 ಮಿ.ಮೀ. ಮಷಿನ್‌ಗನ್ನಿನ ಜಾಗದಲ್ಲಿ ಲೇಸರ್ ದೂರಮಾಪಕ ಇಟ್ಟರೆ ಸಾಕು.

ಆವಡಿಯಿಂದ ಕಾಸರಗೋಡಿಗೆ ಟ್ಯಾಂಕು ಬರುವುದು ರೈಲಿನಲ್ಲಿ. ವಿಜಯಂತದ ಅಗಲ ಸುಮಾರು 3.17 ಮೀಟರ್, ಅರ್ಜುನ್ ಸುಮಾರು 3.86 ಮೀಟರ್. ಬದಿಗಳಿಗೆ ಕವಚ ಹೊದಿಸುವಾಗ ಈ ಅಗಲ ಹಿಗ್ಗದಂತೆ ನೋಡಿಕೊಂಡರೆ ಸಾಗಾಟ ಸಲೀಸು.

ಇನ್ನು ನೆಲದ ವಿಚಾರ. ನಿಮ್ಮೂರಿನ ಮುರಕಲ್ಲಿನ ಪದವುಗಳಲ್ಲಿ (ಗುಡ್ಡದ ಮೇಲಿನ ಗಟ್ಟಿ ಬಯಲುಗಳಲ್ಲಿ) ಟ್ಯಾಂಕು ಮಳೆಯಲ್ಲಿಯೂ ಓಡೀತು. ಬೈಲಿಗೆ, ಅಂದರೆ ತಗ್ಗಿನ ಗದ್ದೆಗಳಿಗೆ, ಇಳಿದರೆ ಕೆಸರಿನಲ್ಲಿ ಹೂತುಹೋಗುವುದು ಖಂಡಿತ. ಗುಡ್ಡಗಳ ಒಡಲಿನಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದಿರುವ ಸುರಂಗಗಳನ್ನು ನೀವು ಕಥೆಯಲ್ಲಿ ಹೇಳಿಯೇ ಇಲ್ಲ. ಅಂಥ ಸುರಂಗದ ಮಾಡು ತೆಳುವಾಗಿರುವಲ್ಲಿ, ಮಳೆನೀರು ಕುಡಿದು ಮೆತ್ತಗಾದ ಮಣ್ಣಿನ ಮೇಲೆ 45 ಟನ್ ಹಾದುಹೋದರೆ ನೆಲ ಕುಸಿಯಬಹುದು. ಯಾವ ಸೈನಿಕ ನಕ್ಷೆಯೂ ಇವುಗಳನ್ನೆಲ್ಲ ಗುರುತಿಸಿರಲಾರದು. ಆದ್ದರಿಂದ ಸುರಂಗ ಕೊರೆಯುವ ಹಿರಿಯರೊಬ್ಬರನ್ನು ಪಾತ್ರವಾಗಿ ತಂದು, ಮುಂದಿನ ಟ್ಯಾಂಕಿಗೆ ಅವರೇ ದಾರಿ ತೋರಿಸುವಂತೆ ಬರೆಯಿರಿ.