ಟೆಲಿ ಲೆನ್ಸಿಗೆ ತೊಡಿಸುವ ಅಂಗಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಮೂಡಿಗೆರೆ ಬಳಿಯ ಕಾಫಿ ಬೆಳೆಗಾರ. ತೋಟಕ್ಕೆ ಬರುವ ಮಂಗಟ್ಟೆ ಹಕ್ಕಿಗಳ ಚಿತ್ರ ತೆಗೆಯಲೆಂದು 150–600 ಮಿ.ಮೀ. ಜೂಮ್ ಲೆನ್ಸ್ ಕೊಂಡಿದ್ದೇನೆ. ಎಲೆ, ತೊಗಟೆಗಳ ಚಿತ್ತಾರವಿರುವ ಕವರ್ ಹಾಕಿದರೆ ಹಕ್ಕಿಗಳು ಹೆದರುವುದಿಲ್ಲ, ಮಳೆಯ ಚಿಂತೆಯೂ ಇರುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? (ಒಬ್ಬ ಓದುಗರು, ಮೂಡಿಗೆರೆ)

ಉತ್ತರ: ಮೊದಲ ಮಾತು ಅರ್ಧ ನಿಜ, ಎರಡನೆಯದು ನಂಬತಕ್ಕದ್ದಲ್ಲ. ಕವರಿನ ಮುಖ್ಯ ಉಪಯೋಗವನ್ನಂತೂ ತಮ್ಮ ಗೆಳೆಯರು ಹೇಳಿದಂತೆ ಕಾಣುವುದಿಲ್ಲ. ಈ ಕವರುಗಳನ್ನು ಸಾಮಾನ್ಯವಾಗಿ ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಹಾಳೆಯಿಂದ ಹೊಲಿಯುತ್ತಾರೆ. ಸಮುದ್ರಕ್ಕೆ ಧುಮುಕುವವರು ಮೈಗೆ ಅಂಟಿದಂತೆ ತೊಡುವ ಉಡುಪೂ ಇದರದೇ. ಹಾಳೆಯೊಳಗೆ ಮುಚ್ಚಿಕೊಂಡ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಅದು ಮೆತ್ತಗಿದ್ದು ಪೆಟ್ಟನ್ನು ಹೀರಿಕೊಳ್ಳುತ್ತದೆ. ಮುತ್ತೋಡಿಯ ಕಾಡಿನ ದಾರಿಯಲ್ಲಿ ಜೀಪು ಕುಲುಕಿದಾಗಲೆಲ್ಲ ಎರಡು ಕಿಲೋ ತೂಕದ ಲೆನ್ಸು ಕಬ್ಬಿಣದ ಸರಳಿಗೆ ಬಡಿಯುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. ಆದರೆ ಲೆನ್ಸು ಕೈಜಾರಿ ನೆಲಕ್ಕೆ ಬಿದ್ದರೆ ಒಳಗಿನ ಗಾಜು ಕದಲುವುದನ್ನಾಗಲಿ, ಕ್ಯಾಮೆರಾಕ್ಕೆ ಕೂಡುವ ಮೌಂಟ್ ಬಾಗುವುದನ್ನಾಗಲಿ ಇದು ತಡೆಯಲಾರದು.

ಇನ್ನು ಮರೆಮಾಚುವ ವಿಷಯ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆಯವು. ಹುಲಿಯ ಕಿತ್ತಳೆ ಬಣ್ಣವನ್ನು ಅದು ಹಸಿರಿನಿಂದ ಬೇರ್ಪಡಿಸಿ ಕಾಣಲಾರದು. ಹಕ್ಕಿಯ ಕಥೆ ಬೇರೆ. ನಮಗೆ ಮೂರು ಬಗೆಯ ಕೋಶಗಳಿದ್ದರೆ ಹಕ್ಕಿಗಳಿಗೆ ನಾಲ್ಕು, ಮತ್ತು ಅನೇಕ ಹಕ್ಕಿಗಳು ನಮ್ಮ ಕಣ್ಣಿಗೆ ನಿಲುಕದ ಅತಿನೇರಳೆ ಬೆಳಕನ್ನೂ ಕಾಣಬಲ್ಲವು. ಆದ್ದರಿಂದ ಅಂಗಡಿಯಲ್ಲಿ ನಮಗೆ ಅಚ್ಚ ಎಲೆಯಂತೆ ಕಾಣುವ ಬಟ್ಟೆ ಹಕ್ಕಿಗೂ ಎಲೆಯಾಗಿಯೇ ಕಾಣುತ್ತದೆಂದು ಭಾವಿಸುವಂತಿಲ್ಲ. ಕವರಿನಿಂದ ಆಗುವ ಲಾಭ ಎರಡು: ಲೆನ್ಸಿನ ಮೈಯ ಹೊಳಪು ಅಡಗುತ್ತದೆ, ಉದ್ದನೆಯ ಕೊಳವೆಯ ಅಂಚು ಒಡೆದು ಹಿನ್ನೆಲೆಯಲ್ಲಿ ಬೆರೆಯುತ್ತದೆ. ಹಕ್ಕಿಯನ್ನು ಹಾರಿಸುವುದು ಬಹುಪಾಲು ನಮ್ಮ ಚಲನೆಯೇ. ಅತ್ತಿ, ಬಸರಿ ಮರಗಳು ಹಣ್ಣಾದಾಗ ಮಂಗಟ್ಟೆಗಳು ಬರುವ ಮೊದಲೇ ಹೋಗಿ, ಲೆನ್ಸನ್ನು ಬೀನ್ ಬ್ಯಾಗಿನ (ಕಾಳು ತುಂಬಿದ ಚೀಲ) ಮೇಲೆ ಗುರಿಯಿಟ್ಟು ಸುಮ್ಮನೆ ಕುಳಿತವರಿಗೆ ಬರಿಯ ಕಪ್ಪು ಲೆನ್ಸಿನಲ್ಲೂ ಚಿತ್ರ ಸಿಕ್ಕುತ್ತದೆ. ಚಿತ್ತಾರದ ಕವರ್ ತೊಡಿಸಿಯೂ ಹಕ್ಕಿ ಕುಳಿತ ಮೇಲೆ ಲೆನ್ಸ್ ಎತ್ತುವವರಿಗೆ ಸಿಕ್ಕುವುದು ಹಾರುವ ಹಕ್ಕಿಯ ಬಾಲ. ಲಕ್ಕವಳ್ಳಿಯಲ್ಲಿ ದೋಣಿಯಿಂದ ರಿವರ್ ಟರ್ನ್ ಹಕ್ಕಿಗಳ ಚಿತ್ರ ತೆಗೆಯುವವರಿಗಂತೂ ಚಿತ್ತಾರದ ಅಗತ್ಯವೇ ಇಲ್ಲ. ದೋಣಿಯೇ ಕಾಣುತ್ತಿರುವಾಗ ಲೆನ್ಸನ್ನು ಮುಚ್ಚಿ ಏನು ಫಲ? ಪೊಟರೆಯೊಳಗೆ ಹೆಣ್ಣು ಮಂಗಟ್ಟೆ ಬಾಗಿಲು ಮೆತ್ತಿಕೊಂಡು ಮೊಟ್ಟೆಗೆ ಕುಳಿತಿದ್ದರೆ, ಯಾವ ಕವರ್ ಇದ್ದರೂ ಆ ಮರದ ಹತ್ತಿರ ಸುಳಿಯಬೇಡಿ. ಆಗ ಅದರ ಹೊಟ್ಟೆ ತುಂಬುವುದು ಗಂಡು ತಂದುಕೊಡುವ ತುತ್ತಿನಿಂದ.

ಮಳೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಿಯೋಪ್ರೀನ್ ಹಾಳೆಯೊಳಗೆ ನೀರು ಇಳಿಯದಿದ್ದರೂ ಕವರ್ ಒಂದೇ ತುಂಡಿನದಲ್ಲ. ತುಂಡು ತುಂಡಾಗಿ ತೊಡಿಸುವ ಅದರ ಹೊಲಿಗೆಗಳಲ್ಲಿ, ಸಂದುಗಳಲ್ಲಿ ನೀರು ಇಳಿಯುತ್ತದೆ, ಇಳಿದದ್ದು ಹೊರಗೆ ಬರುವುದಿಲ್ಲ. ಇದು ಕಂಬಳಿ ಕೊಪ್ಪೆಯಲ್ಲ. ಒಂದು ವರ್ಷ ಆರಿದ್ರಾ ಮಳೆಯಲ್ಲಿ ಬಿಸಿಲೆ ಘಾಟಿಯಿಂದ ಬಂದವನು ಲೆನ್ಸಿನ ಹೊರಮೈ ಒರೆಸಿ, ಕವರ್ ಸಮೇತ ಬ್ಯಾಗಿನಲ್ಲಿಟ್ಟು ಮರೆತೆ. ಗೌರಿಹಬ್ಬದ ಹೊತ್ತಿಗೆ ತೆಗೆದು ನೋಡಿದರೆ ಕವರಿನ ಒಳಮೈಯಲ್ಲಿ ಬೂದುಬಣ್ಣದ ಬೂಷ್ಟು. ಟಾರ್ಚ್ ಹಿಡಿದು ಇಣುಕಿದಾಗ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತಹ ಎಳೆಗಳು. ದುರಸ್ತಿಗೆ ತೆತ್ತ ಹಣದಲ್ಲಿ ಅಂತಹ ಕವರುಗಳನ್ನು ಹಲವು ಕೊಳ್ಳಬಹುದಿತ್ತು. ಆದ್ದರಿಂದ ಮಳೆಗೆ ತೋಳುಳ್ಳ ಬೇರೆ ರೇನ್ ಕವರ್ ಇಟ್ಟುಕೊಳ್ಳಿ; ಮನೆಗೆ ಬಂದ ಕೂಡಲೇ ಎರಡನ್ನೂ ಕಳಚಿ ಫ್ಯಾನಿನ ಗಾಳಿಗೆ ಒಣಗಿಸಿ. ಒಲೆಯ ಮೇಲಿನ ಅಟ್ಟ ಅಡಿಕೆಗೆ ಒಳ್ಳೆಯದು, ಇದಕ್ಕಲ್ಲ. ಲೆನ್ಸನ್ನು ಬರಿಮೈಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆಗಿಟ್ಟು, ತೇವಾಂಶವನ್ನು ಶೇ. 40ರಿಂದ 50ರ ನಡುವೆ ಕಾಯ್ದುಕೊಳ್ಳಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿ ಮುಗಿಯಿತೆಂದು ಅರ್ಥ. ಅದನ್ನು ಬಿಸಿಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ. ಆ ನೀಲಿ ಬಣ್ಣ ಕೋಬಾಲ್ಟ್ ಲವಣದ್ದು, ವಿಷ.

ಪ್ರಶ್ನೆ: ವಿದ್ಯಾರ್ಥಿಯಾದ ನನಗೆ ಅಂಗಡಿಯ ಕವರಿನ ಬೆಲೆ ಎಟುಕುವುದಿಲ್ಲ. ದರ್ಜಿಯ ಹತ್ತಿರ ಹೊಲಿಸಬಹುದೇ? (ಓದುಗರೊಬ್ಬರು, ಹಾಸನ)

ಉತ್ತರ: ಧಾರಾಳವಾಗಿ ಹೊಲಿಸಬಹುದು. ಮಾಸಲು ಹಸಿರು ಅಥವಾ ಮಣ್ಣಿನ ಬಣ್ಣದ ಹತ್ತಿ ಬಟ್ಟೆಗೆ ಒಳಗಡೆ ತೆಳುವಾದ ಫೋಮ್ ಹಾಳೆ ಕೊಟ್ಟು, ಎರಡು ತುದಿಗೂ ಎಲಾಸ್ಟಿಕ್ ಹಾಕಿಸಿದರೆ ಸಾಕು. ಅಳತೆ ಕೊಡುವಾಗ ಲೆನ್ಸನ್ನೇ ಒಯ್ಯಿರಿ. ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಕೊಳವೆಯ ಮೇಲೆ ಬಟ್ಟೆ ಬರಕೂಡದು, ಬಂದರೆ ಅದು ಒಳಸರಿಯುವಾಗ ಸಿಕ್ಕಿಕೊಳ್ಳುತ್ತದೆ. ಫೋಕಸ್ ಸ್ವಿಚ್ಚುಗಳಿಗೂ ಟ್ರೈಪಾಡ್ ಪಾದಕ್ಕೂ ಕಿಂಡಿ ಬಿಡಿಸಿ. ವೆಲ್ಕ್ರೊ ಪಟ್ಟಿ ಬೇಡ. ಕೆರೆಯ ದಂಡೆಯ ಬೆಳಗಿನ ನಿಶ್ಶಬ್ದದಲ್ಲಿ ಅದನ್ನು ಕಿತ್ತಾಗ ಬರುವ ಚರ್ರೆಂಬ ಸದ್ದಿಗೆ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದುಹೋಗುತ್ತವೆ. ಬಣ್ಣದ ಟೇಪನ್ನು ನೇರವಾಗಿ ಲೆನ್ಸಿಗೆ ಸುತ್ತುವುದೂ ಸಲ್ಲದು. ಬೇಸಗೆಯಲ್ಲಿ ಅಂಟು ಕರಗಿ ಮೈಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಗೆ ಬೆಳಕು ತರುವ ಸೋಪಿನ ಪುಡಿಯಲ್ಲಿ ಕವರ್ ಒಗೆಯಬೇಡಿ, ಏಕೆಂದರೆ ಅದರಲ್ಲಿರುವ ಪದಾರ್ಥ ಅತಿನೇರಳೆಯನ್ನು ಹೀರಿ ನೀಲಿ ಬೆಳಕನ್ನು ಹೊಮ್ಮಿಸುತ್ತದೆ; ಕವರ್ ಹಕ್ಕಿಯ ಕಣ್ಣಿಗೆ ಎದ್ದು ಕಂಡೀತು.

ಪ್ರಶ್ನೆ: ನನ್ನದು ಬಿಳಿ ಲೆನ್ಸ್. ಬಿಸಿಲಿಗೆ ಕಾಯದಿರಲೆಂದೇ ಬಿಳಿ ಬಣ್ಣ ಕೊಟ್ಟಿರುವರಂತೆ. ಅದರ ಮೇಲೆ ಕಡುಬಣ್ಣದ ಕವರ್ ಹಾಕಿದರೆ ತೊಂದರೆಯೇ? (ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ತಾವು ಕೇಳಿರುವುದು ಸರಿ. ಕ್ಯಾನನ್ ತನ್ನ ಕೆಲವು ಟೆಲಿ ಲೆನ್ಸುಗಳಲ್ಲಿ ಬಳಸುವ ಫ್ಲೋರೈಟ್ ಹರಳು ಸಾಮಾನ್ಯ ಗಾಜಿಗಿಂತ ಹೆಚ್ಚು ಹಿಗ್ಗುವುದರಿಂದ ಬಿಸಿಲನ್ನು ಹಿಂದೂಡುವ ಬಣ್ಣ ಬೇಕಾಯಿತು. ತೋಟದ ನೆರಳಿನಲ್ಲಿ ಕಡು ಹಸಿರಿನ ಕವರಿನಿಂದ ಬಾಧಕವಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಬೋಳು ನೆತ್ತಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದಾದರೆ ಒಣಹುಲ್ಲಿನ ತಿಳಿಬಣ್ಣದ ಕವರ್ ಆರಿಸಿಕೊಳ್ಳಿ. ಆ ಗುಡ್ಡಗಳಲ್ಲಿ ಬೇಸಗೆಯ ಹುಲ್ಲಿಗೂ ಅದೇ ಬಣ್ಣ ಹೊಂದುತ್ತದೆ.