ಅಗ್ಗದ ಐದು ಟ್ರಂಪೆಟ್ ತರಿಸಬೇಡಿ

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಬ್ಯಾಂಡಿನಲ್ಲಿರುವವರೆಲ್ಲ ಕೂಲಿ ಮಾಡುವವರ ಮಕ್ಕಳು. ಹಳೆಯ ವಿದ್ಯಾರ್ಥಿಗಳು 20 ಸಾವಿರ ರೂಪಾಯಿ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ 4 ಸಾವಿರಕ್ಕೊಂದು ಹೊಸ ಟ್ರಂಪೆಟ್ ಇದೆ. ಐದು ತರಿಸಲೇ?
– ದೈಹಿಕ ಶಿಕ್ಷಣ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ಬೇಡ. ಆಗಸ್ಟ್ 15 ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ತರಿಸಿಕೊಂಡ ಮೇಲೆ ‘ಮಕ್ಕಳಿಗೆ ಊದಲು ಬರುತ್ತಿಲ್ಲ’ ಎಂಬ ದೂರು ಬರುತ್ತದೆ. ತಪ್ಪು ಮಕ್ಕಳದ್ದಲ್ಲ. ಆ ಬೆಲೆಯ ಟ್ರಂಪೆಟ್‌ಗಳಲ್ಲಿ ಬೆರಳಲ್ಲಿ ಒತ್ತುವ ವಾಲ್ವಿಗೂ ಅದು ಕೂರುವ ಕೊಳವೆಗೂ ನಡುವೆ ಸಾಮಾನ್ಯವಾಗಿ ಸಂದು ಹೆಚ್ಚು. ಗಾಳಿ ಸೋರುತ್ತದೆ, ಮಗು ಇನ್ನಷ್ಟು ಜೋರಾಗಿ ಊದುತ್ತದೆ, ಹತ್ತು ನಿಮಿಷಕ್ಕೆ ತುಟಿ ಸೋಲುತ್ತದೆ. ಹೋಲಿಸಿ ನೋಡಲು ಬೇರೆ ವಾದ್ಯ ಮುಟ್ಟಿರದ ಆ ಮಗು ‘ನನ್ನ ಕೈಲಾಗದು’ ಎಂದುಕೊಂಡು ಬ್ಯಾಂಡ್ ಬಿಡುತ್ತದೆ. ನನಗೆ ಸಂಕಟವಾಗುವುದು ಇದಕ್ಕೆ.

ಯಮಹಾ, ಜುಪಿಟರ್‌ನಂಥ ಹೆಸರಿನ, ಬಳಸಿದ ಟ್ರಂಪೆಟ್ ಒಂದು ಸಿಕ್ಕರೂ ಸಾಕು. ಉಳಿದ ಮಕ್ಕಳಿಗೆ ಮೀರತ್‌ನಲ್ಲಿ ತಯಾರಾಗುವ ಬ್ಯೂಗಲ್ ಕೊಡಿ. ಅದಕ್ಕೆ ವಾಲ್ವೇ ಇಲ್ಲ, ಕೆಡುವುದೂ ಕಡಿಮೆ. ತುಟಿಯ ಪಾಠ ಎರಡರಲ್ಲೂ ಒಂದೇ.

ಹಳೆಯದನ್ನು ಕೊಳ್ಳುವಾಗ ಹೊಳಪು ನೋಡಿ ಮರುಳಾಗಬೇಡಿ. ಮೊದಲು ಮೌತ್‌ಪೀಸ್ (ತುಟಿಯಿಟ್ಟು ಊದುವ ಭಾಗ) ಕೂರುವ ನಳಿಕೆಯನ್ನು ಬಿಸಿಲಿಗೆ ಹಿಡಿಯಿರಿ. ಗುಲಾಬಿ ಬಣ್ಣದ ಚುಕ್ಕೆ, ಅದರ ನಡುವೆ ಕಪ್ಪು ಕಂಡರೆ ಹಿತ್ತಾಳೆಯೊಳಗಿನ ಸತು ಕರಗಿಹೋಗುತ್ತಿದೆ ಎಂದರ್ಥ. ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ಬಳಿಕ, ವಾಲ್ವ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಎಳೆದರೆ ಜಾರುವ ಬಾಗಿದ ನಳಿಕೆಯನ್ನು, ಪೂರ್ತಿ ಕಳಚದಂತೆ ಸ್ವಲ್ಪ ಹೊರಗೆಳೆದು ಹತ್ತು ಎಣಿಸಿ. ಈಗ ವಾಲ್ವ್ ಒತ್ತಿದರೆ ‘ಟಪ್’ ಎನ್ನಬೇಕು. ಎನ್ನದಿದ್ದರೆ ಗಾಳಿ ಸೋರುತ್ತಿದೆ. ಮೂರೂ ವಾಲ್ವಿಗೆ ಹೀಗೆ ಮಾಡಿ. ವಾಲ್ವಿನ ಮೂರು, ಶ್ರುತಿ ಹೊಂದಿಸುವ ದೊಡ್ಡದೊಂದು, ನಾಲ್ಕೂ ಸ್ಲೈಡ್ ಸಿಕ್ಕಿಕೊಳ್ಳದೆ ಜಾರಬೇಕು, ಮೂರನೆಯ ವಾಲ್ವಿನದು ಬೆರಳಿಗೇ ಸರಿಯಬೇಕು. ಕೊನೆಗೆ ದೊಡ್ಡ ಸ್ಲೈಡನ್ನು ಸುಮಾರು ಒಂದು ಸೆಂಟಿಮೀಟರ್ ಎಳೆದು, ವಾಲ್ವ್ ಒತ್ತದೆ ಊದಿಸಿ. ಸ್ವರ ಅಳೆಯುವ ಮೊಬೈಲಿನ ಟ್ಯೂನರ್ ಆ್ಯಪ್ ಬಿ-ಫ್ಲ್ಯಾಟ್ ಇಲ್ಲವೇ ಎಫ್ ಸ್ವರ ತೋರಿಸಬೇಕು.

ಬಾಯಗಲದ ಕಡೆ ತಗ್ಗು ಬಿದ್ದಿದ್ದರೆ ಚಿಂತೆಯಿಲ್ಲ. ನೀರು ಬಿಡುವ ಕೀಲಿಯ ಕಾರ್ಕ್ ಸವೆದಿದ್ದರೆ ರಿಪೇರಿಯವರು ಕೂತಲ್ಲೇ ಹಾಕಿಕೊಡುತ್ತಾರೆ. ಆದರೆ ಸವೆದ ವಾಲ್ವನ್ನು ಅಗ್ಗದಲ್ಲಿ ಸರಿಮಾಡಿಕೊಡುತ್ತೇನೆ ಎನ್ನುವವರ ಮಾತು ನಂಬಬೇಡಿ. ಒಳ್ಳೆಯ ರಿಪೇರಿಯವರು ಎಲ್ಲಿದ್ದಾರೆಂದು ಮದುವೆ ಬ್ಯಾಂಡ್‌ಸೆಟ್‌ನವರನ್ನೋ ಪೊಲೀಸ್ ಬ್ಯಾಂಡಿನವರನ್ನೋ ಕೇಳಿ. ದಿನಾ ಊದುವವರಿಗೆ ಗೊತ್ತಿರುತ್ತದೆ.

ಮಿಕ್ಕ ದುಡ್ಡಿನಲ್ಲಿ ಪ್ರತಿ ಮಗುವಿಗೂ ಅದರದೇ ಮೌತ್‌ಪೀಸ್ ಕೊಡಿಸಿ. ಕಲಿಯುವವರಿಗೆ 7ಸಿ ಅಳತೆ ಸರಿ. ಬಟ್ಟೆಯಲ್ಲಿ ಒರೆಸಿ ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವುದು ನಿಲ್ಲಬೇಕು. ಕೆಮ್ಮು ಇರುವ ಮಗು ವಾಸಿಯಾಗುವವರೆಗೆ ಊದುವುದೇ ಬೇಡ. ಅತಿ ಎಚ್ಚರ ಅನ್ನಿಸಿದರೂ ಸರಿ, ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ವಾಲ್ವಿಗೆ ವಾಲ್ವ್ ಆಯಿಲ್ಲೇ, ತಲಾ ಎರಡು ಮೂರು ಹನಿ. ಕೊಬ್ಬರಿ ಎಣ್ಣೆ ಹಾಕಿ ಎನ್ನುವ ‘ಅನುಭವಿ’ಗಳ ಮಾತಿನಿಂದ ಎಷ್ಟು ವಾದ್ಯ ಕೆಟ್ಟಿವೆಯೋ! ಚಳಿಗಾಲದ ಬೆಳಗ್ಗೆ ಡಬ್ಬಿಯಲ್ಲಿ ಗಟ್ಟಿಯಾಗುವ ಎಣ್ಣೆ ವಾಲ್ವಿನೊಳಗೂ ಗಟ್ಟಿಯಾಗುತ್ತದೆ. ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ ಹತ್ತಿರವೂ ಸುಳಿಯಬಾರದು. ಮೇಲಿನ ಹೊಳಪಿನ ಲೇಪ (ಲ್ಯಾಕರ್) ಕಿತ್ತುಬರುತ್ತದೆ, ಪುಡಿಯ ಕಣ ಒಳಗೆ ಹೋದರೆ ವಾಲ್ವ್ ಗೀರುತ್ತದೆ. ತಿಂಗಳಿಗೊಮ್ಮೆ ವಾಲ್ವ್, ಸ್ಲೈಡ್ ಬಿಚ್ಚಿ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದರೆ ಸಾಕು. ವಾಲ್ವ್‌ಗಳ ಮೇಲೆ 1, 2, 3 ಎಂದಿರುತ್ತದೆ. ಅದಲುಬದಲಾದರೆ ಗಾಳಿಯೇ ಹಾಯುವುದಿಲ್ಲ.

ಇನ್ನು ಮುಖ್ಯ ಮಾತು. ವಾದ್ಯವನ್ನು ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಸಮೇತ ಬರೆಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಪ್ಪಿಗೆ ಪಡೆದು, ಸಹಿ ಮಾಡಿಸಿಕೊಂಡು ಮಗುವಿನ ಜೊತೆ ಮನೆಗೆ ಕಳುಹಿಸಿ. ಬೇಸಿಗೆ ರಜೆಯಲ್ಲೂ. ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿಟ್ಟ ಟ್ರಂಪೆಟ್ಟಿನ ವಾಲ್ವ್ ಆಗಸ್ಟ್ ಹೊತ್ತಿಗೆ ಹಿಡಿದುಕೊಂಡಿರುತ್ತದೆ. ಬಡವರ ಮನೆಗೆ ಕೊಟ್ಟರೆ ಮಾರಿಬಿಡುತ್ತಾರೆ ಎನ್ನುವ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಠೇವಣಿಯನ್ನಂತೂ ಕೇಳಲೇಬೇಡಿ. ಐನೂರು ರೂಪಾಯಿ ಇಲ್ಲದ ಮಗು ಅಲ್ಲಿಗೇ ಹಿಂದೆ ಸರಿಯುತ್ತದೆ.

ಪ್ರಶ್ನೆ: ತುಟಿ ದಪ್ಪವಿರುವ ಮಗುವಿಗೆ ಟ್ರಂಪೆಟ್ ಬರುವುದಿಲ್ಲವಂತೆ?

ಉತ್ತರ: ಸುಳ್ಳು.

ಪ್ರಶ್ನೆ: ಊದುವುದರಿಂದ ಶ್ವಾಸಕೋಶ ಸವೆಯುತ್ತದೆಯೇ?

ಉತ್ತರ: ಇಲ್ಲ. ಆಸ್ತಮಾ ಇದ್ದರೆ ವೈದ್ಯರನ್ನು ಕೇಳಿ, ಪಕ್ಕದ ಮನೆಯವರನ್ನಲ್ಲ.

ಪ್ರಶ್ನೆ: ಕ್ಲಾರಿನೆಟ್ ಮರದ್ದೇ ಬೇಕೇ?

ಉತ್ತರ: ಶಾಲಾ ಬ್ಯಾಂಡಿಗೆ ಬೇಡ. ಆಗಸ್ಟಿನ ಮಳೆಗೆ, ಮೈದಾನದ ಬಿಸಿಲಿಗೆ ಮರ ಬಿರಿಯುತ್ತದೆ. ಪ್ಲಾಸ್ಟಿಕ್ಕಿನದು ತಡೆಯುತ್ತದೆ.

ಪ್ರಶ್ನೆ: ಸೈಡ್ ಡ್ರಮ್ ಹರಿದಿದೆ, ಹೊಸದಕ್ಕೆ ದಾನಿಗಳನ್ನು ಹುಡುಕುತ್ತಿದ್ದೇವೆ.

ಉತ್ತರ: ಹರಿದಿರುವುದು ಹೆಡ್, ಅಂದರೆ ಬಾರಿಸುವ ಹೊದಿಕೆ ಮಾತ್ರ. ಡ್ರಮ್ಮಿನ ಅಡ್ಡಳತೆ ಅಳೆದು, ಸಾಮಾನ್ಯವಾಗಿ 14 ಇಂಚು, ಅದೇ ಅಳತೆಯ ಪ್ಲಾಸ್ಟಿಕ್ ಹೆಡ್ ತರಿಸಿ. ಬೋಲ್ಟ್‌ಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿಸುತ್ತ ಬನ್ನಿ. ಒಂದೇ ಕಡೆಯಿಂದ ಬಿಗಿಸಿದರೆ ರಿಂಗ್ ಬಾಗುತ್ತದೆ.