ಆಡಿಟ್‌ನಲ್ಲಿ ದೊಡ್ಡಪ್ಪನ ಸುಸ್ತಿ ಸಾಲ ಕಂಡೆ, ಅಪ್ಪನಿಗೆ ಹೇಳಲೇ?

ಓದುಗರ ಪ್ರಶ್ನೆಗಳಿಗೆ ಶಿರಸಿಯ ಹಿರಿಯ ಲೆಕ್ಕಪರಿಶೋಧಕರೊಬ್ಬರ ಉತ್ತರ

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷ ಮುಗಿಸಿದ್ದೇನೆ. ಬೇಸಿಗೆ ರಜೆಯಲ್ಲಿ ಶಿರಸಿ ಪೇಟೆಯ ಸಿ.ಎ. ಒಬ್ಬರ ಆಫೀಸಿನಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಿದೆ. ಮೊದಲೆರಡು ವಾರ ವೋಚರ್ ಜೋಡಿಸುವುದು, ಜೆರಾಕ್ಸ್ ತರುವುದು. ಆಮೇಲೆ ಸೀನಿಯರ್ ಜೊತೆ ನಮ್ಮೂರಿನ ಕಡೆಯದೇ ಒಂದು ಸೊಸೈಟಿಯ ಆಡಿಟ್‌ಗೆ ಕಳಿಸಿದರು. ಅಲ್ಲಿಯೂ ಸಾಲದ ಖಾತಾವಣಿಗೆ (ಲೆಡ್ಜರ್) ಟಿಕ್ ಹಾಕುವುದೇ ಕೆಲಸ. ಹಾಗೆ ಟಿಕ್ ಹಾಕುವಾಗ ಸುಸ್ತಿ ಪಟ್ಟಿಯಲ್ಲಿ (ಗಡುವು ಮೀರಿದರೂ ಕಟ್ಟದ ಸಾಲಗಳ ಪಟ್ಟಿ) ನಮ್ಮ ದೊಡ್ಡಪ್ಪನ ಹೆಸರು ಸಿಕ್ಕಿತು. ಜಾಮೀನುದಾರರ ಜಾಗದಲ್ಲಿ ಅಪ್ಪನ ಸಹಿ ಇತ್ತು. ಸಾಲ ಸುಸ್ತಿಯಾದದ್ದು ಅಪ್ಪನಿಗೆ ಗೊತ್ತಿದ್ದಂತಿಲ್ಲ. ರಾತ್ರಿ ಊಟಕ್ಕೆ ಕೂತಾಗಲೆಲ್ಲ ಮಾತು ಬಾಯಿಯ ತನಕ ಬರುತ್ತದೆ, ನುಂಗಿಕೊಳ್ಳುತ್ತೇನೆ. ಹೇಳಲೇ? ಇನ್ನೊಂದು: ಗೆಳತಿಯೊಬ್ಬಳು ಬೆಂಗಳೂರಿನ ದೊಡ್ಡ ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋಗಿ ಬಂದಳು. ಬರೀ ಟಿಕ್ ಹಾಕಿದ ನಾನು ಕಾಲೇಜಿನ ವರದಿಯಲ್ಲಿ ಏನಂತ ಬರೆಯಲಿ?
— ವಿದ್ಯಾರ್ಥಿನಿ, ಶಿರಸಿ ತಾಲೂಕು

ಉತ್ತರ: ತಂಗಿ, ಹೇಳಬೇಡ. ಇಷ್ಟು ದಿನ ನುಂಗಿಕೊಂಡಿದ್ದೀಯಲ್ಲ, ಅದೇ ಸರಿ. ಅದೆಷ್ಟು ಕಷ್ಟದ್ದು ಎಂಬುದೂ ನನಗೆ ಗೊತ್ತು.

ಆಡಿಟರ್ ಕೈಗೆ ಸೊಸೈಟಿ ತನ್ನ ಪುಸ್ತಕ ಒಪ್ಪಿಸುವುದು ಒಂದೇ ನಂಬಿಕೆಯ ಮೇಲೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ವೃತ್ತಿ ದುರ್ನಡತೆಗಳ ಪಟ್ಟಿ ಇದೆ. ಅದರ ಮೊದಲ ಭಾಗದ ಮೊದಲನೇ ಅಂಶವೇ ಇದು: ಕಕ್ಷಿದಾರರ ಒಪ್ಪಿಗೆಯಿಲ್ಲದೆ, ಕಾನೂನು ಕೇಳದೆ, ಕೆಲಸದಲ್ಲಿ ತಿಳಿದ ಸಂಗತಿಯನ್ನು ಬೇರೆಯವರಿಗೆ ಹೇಳುವುದು. ನೀನಿನ್ನೂ ಸಿ.ಎ. ಅಲ್ಲ, ನಿಜ. ಆದರೆ ನಿನ್ನನ್ನು ಕಳಿಸಿದವರು ಸಿ.ಎ. ನಿನ್ನ ಬಾಯಿಂದ ಹೊರಟ ಮಾತಿಗೆ ಉತ್ತರ ಕೊಡಬೇಕಾದವರು ಅವರು.

ಬೆಂಗಳೂರಿನಲ್ಲಿ ಲೆಕ್ಕ ನೋಡುವವರಿಗೆ ಕಾಗದದ ಮೇಲಿನ ಹೆಸರು ಬರೀ ಹೆಸರು. ನಮ್ಮಲ್ಲಿ ಹಾಗಲ್ಲ. ಖಾತಾವಣಿಯ ಪ್ರತಿ ಪುಟದಲ್ಲೂ ಒಂದು ಗುರುತಿನ ಮನೆ. ಯಾರ ಅಡಿಕೆ ತೋಟಕ್ಕೆ ಕೊಳೆರೋಗ ಬಂತು, ಯಾರು ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರದೆ ಅಟ್ಟದ ಮೇಲಿಟ್ಟಿದ್ದಾರೆ, ಯಾರ ಮಗಳ ಮದುವೆ ಯಾವ ಸಾಲದಲ್ಲಿ ಆಯಿತು, ಎಲ್ಲವೂ ಅಲ್ಲಿ ಕಾಣುತ್ತದೆ. ಅದಕ್ಕೇ ಇಲ್ಲಿ ಬಾಯಿ ಬಿಗಿ ಹಿಡಿಯುವುದು ಕಷ್ಟ.

ನಾನೇ ಒಮ್ಮೆ ತಪ್ಪಿದ್ದೇನೆ. ಹುಬ್ಬಳ್ಳಿಯಲ್ಲಿ ಆರ್ಟಿಕಲ್‌ಶಿಪ್ (ಸಿ.ಎ. ಆಗುವ ಮೊದಲಿನ ಕಡ್ಡಾಯ ತರಬೇತಿ) ಮಾಡುತ್ತಿದ್ದಾಗ ಕುಮಟೆಯ ಒಬ್ಬ ವ್ಯಾಪಾರಿಯ ಲೆಕ್ಕಕ್ಕೆ ಇಬ್ಬರನ್ನು ಕಳಿಸಿದ್ದರು. ಅವರ ನಗದು ಶಿಲ್ಕು (ಕೈಯಲ್ಲಿ ಉಳಿದ ಹಣ) ಪುಸ್ತಕಕ್ಕೆ ತಾಳೆಯಾಗಲಿಲ್ಲ. ವಾಪಸು ಬರುವಾಗ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ನಾವಿಬ್ಬರೂ ಅದನ್ನೇ ಮಾತಾಡಿಕೊಂಡೆವು, ಹೆಸರು ಹಿಡಿದು, ಮೊತ್ತ ಹೇಳಿ. ಮುಂದಿನ ಸೀಟಿನಲ್ಲಿದ್ದವರು ಆ ವ್ಯಾಪಾರಿಯ ಭಾವ. ನಾವು ಹುಬ್ಬಳ್ಳಿ ಮುಟ್ಟಿದ ಮರುದಿನವೇ ಫೋನು ಬಂದಿತ್ತು. ನಮ್ಮ ಸರ್ ಬೈಯಲಿಲ್ಲ. ನನ್ನ ಮೇಜಿನ ಮೇಲಿದ್ದ ಫೈಲುಗಳನ್ನು ತಾವೇ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಒಂದು ತಿಂಗಳು ನನಗೆ ಟಪಾಲು ರಿಜಿಸ್ಟರ್ ಬರೆಯುವುದೊಂದೇ ಕೆಲಸ. ಆಮೇಲೆ ಲೆಕ್ಕ ಪರಿಶೀಲಿಸಿದಾಗ ಗೊತ್ತಾಯಿತು, ಬ್ಯಾಂಕಿಗೆ ಕಟ್ಟಿದ ಒಂದು ಚಲನ್ನನ್ನು ಪುಸ್ತಕಕ್ಕೆ ಏರಿಸುವುದು ಬಿಟ್ಟುಹೋಗಿತ್ತು, ಅಷ್ಟೇ. ಅಷ್ಟರೊಳಗೆ ಆ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದಾಗಿತ್ತು.

ಈಗ ನಿನ್ನ ಅಪ್ಪನ ವಿಷಯ. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಎಂದು 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ನಿನ್ನ ಹೆದರಿಕೆಗೆ ಆಧಾರ ಇದೆ. ಆದರೆ ಅಪ್ಪ ಕತ್ತಲಲ್ಲಿ ಇಲ್ಲ. ಸಹಿ ಹಾಕಿದವರು ಅವರೇ, ಸಾಲ ಇರುವುದು ಅವರಿಗೆ ಗೊತ್ತು. ಆ ಸಾಲ ಎಲ್ಲಿಗೆ ಬಂತು ಎಂದು ಜಾಮೀನುದಾರರಾಗಿ ಯಾವ ದಿನ ಬೇಕಾದರೂ ಸೊಸೈಟಿಗೆ ಹೋಗಿ ಕೇಳಬಹುದು. ಸೊಸೈಟಿ ವಸೂಲಿಗಾಗಿ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಿದರೆ ಜಾಮೀನುದಾರರಿಗೂ ನೋಟಿಸು ಬರುತ್ತದೆ. ಅವರಿಗೆ ತಿಳಿಯುವ ದಾರಿಗಳು ಅವರದೇ ಇವೆ. ‘ಅಪ್ಪಾ, ಒಮ್ಮೆ ಸೊಸೈಟಿ ಕಡೆ ಹೋಗಿ ವಿಚಾರಿಸು’ ಎಂದಷ್ಟೇ ಸೂಚ್ಯವಾಗಿ ಹೇಳಿದರೆ ಸಾಲದೇ ಎಂದು ನಿನಗೆ ಅನಿಸಬಹುದು. ಆಡಿಟ್ ಮುಗಿಸಿ ಬಂದ ಮಗಳು ಹಾಗೆಂದರೆ ಅಪ್ಪನಿಗೆ ಅರ್ಥವಾಗದೇ ಇರುತ್ತದೆಯೇ? ಅದೂ ಹೇಳಿದಂತೆಯೇ.

ನೀನು ಬಾಯಿ ಬಿಡಬೇಕಾದದ್ದು ಬೇರೆ ಕಡೆ. ನಾಳೆಯೇ ಆಫೀಸಿಗೆ ಹೋಗಿ ನಿನ್ನ ಸರ್‌ಗೆ ಹೇಳು: ‘ನಾನು ನೋಡಿದ ಸಾಲಗಳಲ್ಲಿ ನಮ್ಮ ಮನೆಯವರದ್ದೂ ಇತ್ತು.’ ಆ ಪುಟಗಳನ್ನು ಬೇರೆಯವರು ಇನ್ನೊಮ್ಮೆ ನೋಡುತ್ತಾರೆ. ನಿಜ ಹೇಳಬೇಕೆಂದರೆ ನಿನ್ನನ್ನು ಕಳಿಸುವ ಮೊದಲೇ ಆಫೀಸಿನವರು ಇದನ್ನು ಕೇಳಬೇಕಿತ್ತು. ನಾನು ಹುಡುಗರನ್ನು ಕಳಿಸುವ ಮುನ್ನ ಊರು, ಅಡ್ಡಹೆಸರು ಕೇಳಿಯೇ ಕಳಿಸುತ್ತೇನೆ. ಸೊಸೈಟಿಯಲ್ಲಿ ನೆಂಟರಿದ್ದರೆ ಸಿದ್ದಾಪುರದ ಹುಡುಗಿ ಯಲ್ಲಾಪುರಕ್ಕೆ, ಯಲ್ಲಾಪುರದವನು ಸಿದ್ದಾಪುರಕ್ಕೆ.

ಇನ್ನು ‘ಬರೀ ಟಿಕ್’ ಎಂದೆಯಲ್ಲ, ಆ ಮಾತು ನನಗೆ ನೋವು ತಂದಿತು. ಕೈ ಟಿಕ್ ಹಾಕುವಾಗ ಕಣ್ಣು ಎಲ್ಲಿತ್ತು? ಬೆಳೆಸಾಲದ ಖಾತೆಗಳನ್ನು ನೆನಪು ಮಾಡಿಕೋ. ಮಾರ್ಚ್ ಕೊನೆಯ ವಾರದಲ್ಲಿ ಪೂರ್ತಿ ಜಮಾ, ಏಪ್ರಿಲ್ ಮೊದಲ ವಾರದಲ್ಲಿ ಅದೇ ಮೊತ್ತ ಮತ್ತೆ ಖರ್ಚು ಬಿದ್ದ ಖಾತೆಗಳು ಸಾಲಾಗಿ ಕಂಡಿರಬೇಕು. ಯಾಕೆ ಹಾಗೆ? ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ. 3 ಲಕ್ಷ ಇದ್ದ ಮಿತಿಯನ್ನು 2023-24ರಲ್ಲಿ 5 ಲಕ್ಷಕ್ಕೆ ಏರಿಸಿದರು. ಆದರೆ ಆ ಸೌಲಭ್ಯ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಅದಕ್ಕೇ ರೈತ ಕೈಗಡ ತಂದಾದರೂ ಕಟ್ಟಿ, ಹೊಸ ಸಾಲ ಎತ್ತಿ, ಕೈಗಡ ತೀರಿಸುತ್ತಾನೆ. ಹಣ ನಿಜವಾಗಿ ಬಂದಿದ್ದರೆ ಅದರಲ್ಲಿ ತಪ್ಪಿಲ್ಲ. ಬಂತೇ ಎಂಬುದೇ ಆಡಿಟರನ ಪ್ರಶ್ನೆ. ಆ ದಿನದ ರೋಜ್‌ಕಿರ್ದಿಯಲ್ಲಿ (ದಿನವಹಿ ಲೆಕ್ಕದ ಪುಸ್ತಕ) ಶಿಲ್ಕು ಅಷ್ಟು ಏರಿದೆಯೇ? ಪಾವತಿಯ (ರಸೀದಿ) ನಂಬರು ಸಾಲಿನಲ್ಲಿದೆಯೇ? ಹೊಸ ಸಾಲಕ್ಕೆ ಆಡಳಿತ ಮಂಡಳಿಯ ಠರಾವು (ನಿರ್ಣಯ) ನಡಾವಳಿ ಪುಸ್ತಕದಲ್ಲಿ ಯಾವ ತಾರೀಖಿನದು? ಹಣವೇ ಬಾರದೆ ಕಾಗದದಲ್ಲಿ ಮಾತ್ರ ಜಮಾ-ಖರ್ಚು ತೋರಿಸಿದ್ದರೆ, ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಸುಸ್ತಿ ಕಡಿಮೆ ಕಾಣುತ್ತದೆ, ಸೊಸೈಟಿ ಒಳಗೊಳಗೇ ಟೊಳ್ಳಾಗುತ್ತದೆ. ಸೆಪ್ಟೆಂಬರ್ 25ರೊಳಗೆ ನಡೆಯುವ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರು ನಂಬಿ ಕೈ ಎತ್ತುವುದು ಆ ಪತ್ರಿಕೆಗೇ. ನೀನು ಹಾಕಿದ ಒಂದೊಂದು ಟಿಕ್ಕೂ ‘ಇದನ್ನು ನಾನು ನೋಡಿದ್ದೇನೆ’ ಎಂಬ ಸಾಕ್ಷಿ.

ವರದಿಯಲ್ಲಿ ಇದನ್ನೇ ಬರೆ. ‘ಒಂದು ಗ್ರಾಮೀಣ ಸಹಕಾರಿ ಸಂಘ’ ಎಂದರೆ ಸಾಕು, ಊರಿನ ಹೆಸರೂ ಬೇಡ. ವೋಚರಿನ ಜೆರಾಕ್ಸ್ ಲಗತ್ತಿಸಬೇಡ. ಕಾಲೇಜು ಒತ್ತಾಯ ಮಾಡಿದರೆ ಖಾಲಿ ನಮೂನೆ ಇಡು. ಮೊಬೈಲಿನಲ್ಲಿ ಪುಟಗಳ ಫೋಟೋ ಹೊಡೆದುಕೊಂಡಿದ್ದರೆ ಇವತ್ತೇ ಅಳಿಸು. ಗೆಳತಿ ಬೆಂಗಳೂರಿನಲ್ಲಿ ಒಳ್ಳೆಯದನ್ನೇ ಕಲಿತಿರಬಹುದು. ಆದರೆ ದೊಡ್ಡ ಆಫೀಸಿನಲ್ಲಿ ಎಷ್ಟೋ ಸಲ ಒಂದು ಕೆಲಸದ ಒಂದು ತುಂಡು ಮಾತ್ರ ಕೈಗೆ ಬರುತ್ತದೆ. ಇಲ್ಲಿ ನಿನಗೆ ಪಾವತಿಯಿಂದ ಅಢಾವೆಯ ತನಕ ಒಂದೇ ಮೇಜಿನ ಮೇಲೆ ಸಿಕ್ಕಿದೆ.

ಸಿ.ಎ. ಓದುವ ಮನಸ್ಸಿದ್ದರೆ: ಪದವಿಯಲ್ಲಿ 55 ಶೇಕಡಾ ಬಂದ ವಾಣಿಜ್ಯ ಪದವೀಧರರು ಫೌಂಡೇಶನ್ (ಮೊದಲ ಹಂತದ ಪರೀಕ್ಷೆ) ಇಲ್ಲದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್. ನಮ್ಮ ಕಾಲದಲ್ಲಿ ಮೂರು ವರ್ಷ ಇತ್ತು, 2023ರ ಜುಲೈಯಿಂದ ಎರಡು ವರ್ಷ. ಮನೆಯ ಗುಟ್ಟನ್ನೇ ಇಷ್ಟು ದಿನ ಹೊತ್ತುಕೊಂಡವಳು ನೀನು. ನನ್ನ ಆಫೀಸಿಗೆ ಬರುವುದಾದರೆ ಮೊದಲು ನಿನ್ನನ್ನೇ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಮಗ ಕಾರವಾರದಲ್ಲಿ ಬಿ.ಕಾಂ. ಓದುತ್ತಿದ್ದಾನೆ. ಎಂಟು ಸಾವಿರ ಕಟ್ಟಿದರೆ ಮನೆಯಲ್ಲೇ ಕೂತು ಒಂದು ತಿಂಗಳ ಇಂಟರ್ನ್‌ಶಿಪ್ ಮಾಡಬಹುದು, ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಫೋನ್ ಬಂದಿದೆ. ಕಟ್ಟಬಹುದೇ?
— ಪಾಲಕರು, ಅಂಕೋಲಾ

ಉತ್ತರ: ಕಟ್ಟಬೇಡಿ. ಕೆಲಸ ಮಾಡುವವನೇ ದುಡ್ಡು ಕೊಡುವುದು ಇಂಟರ್ನ್‌ಶಿಪ್ ಅಲ್ಲ, ಸರ್ಟಿಫಿಕೇಟಿನ ವ್ಯಾಪಾರ. ಕಾರವಾರ, ಅಂಕೋಲಾ, ಕುಮಟೆಯ ಯಾವುದಾದರೂ ಆಡಿಟರ್ ಅಥವಾ ತೆರಿಗೆ ಸಲಹೆಗಾರರ ಆಫೀಸಿಗೆ ಮಗನೇ ಹೋಗಿ ಕೇಳಲಿ, ನೀವು ಜೊತೆಗೆ ಹೋಗುವುದು ಬೇಡ. ಕೆಲವರು ಬಸ್ ಚಾರ್ಜು ಕೊಡುತ್ತಾರೆ, ಕೆಲವರು ಏನೂ ಕೊಡುವುದಿಲ್ಲ, ಅಡ್ಡಿಯಿಲ್ಲ. ಏಪ್ರಿಲ್-ಮೇ ನಮ್ಮ ಕರಾವಳಿಯಲ್ಲಿ ಗೇರುಬೀಜದ ಕಾಲ. ಬೆಳೆಗಾರರಿಂದ ಸಿಪ್ಪೆ ಸಮೇತ ಬೀಜ ಕೊಂಡ ನೋಂದಾಯಿತ ವ್ಯಾಪಾರಿಯೇ ಅದರ ಜಿಎಸ್‌ಟಿ ಕಟ್ಟಬೇಕು, ಮಾರಿದ ರೈತನಲ್ಲ. ಯಾಕೆ ಹಾಗೆ, ಅದು ರಿಟರ್ನ್‌ನಲ್ಲಿ ಯಾವ ಕಾಲಮಿಗೆ ಬರುತ್ತದೆ ಎಂಬುದನ್ನು ಒಂದು ತಿಂಗಳಲ್ಲಿ ಕಣ್ಣಾರೆ ಕಲಿಯಬಹುದು. ಒಂದೇ ಎಚ್ಚರಿಕೆ: ತಿಂಗಳ 11 ಮತ್ತು 20ನೇ ತಾರೀಖಿನ ಆಸುಪಾಸು ಕೇಳಲು ಹೋಗಬಾರದು. ರಿಟರ್ನ್ ತುಂಬುವ ಗಡಿಬಿಡಿಯಲ್ಲಿ ಅವತ್ತು ಯಾರೂ ತಲೆ ಎತ್ತಿ ನೋಡುವುದಿಲ್ಲ.